ಆಸನದ ಕೆಳಗಿನ ಪುಸ್ತಕ

“ಈ ವಿಮಾನಕ್ಕೆ ಈ ಗತಿ ತಂದ ಪುಣ್ಯಾತ್ಮ ಇಲ್ಲೇ ನಿಂತಿದ್ದಾನೆ, ನೋಡ್ಕೊಳ್ಳಿ!” ಎಂದು ನಿವೃತ್ತ ಪೈಲಟ್ ಅಣ್ಣ ತನ್ನ ತಮ್ಮನ ಬೆನ್ನು ತಟ್ಟಿದಾಗ ಸುತ್ತಲಿದ್ದ ಅಪರಿಚಿತರು ಗೊಳ್ಳೆಂದು ನಕ್ಕರು. ತಮ್ಮನೂ ಹಲ್ಲು ಕಿರಿದ. ತಮ್ಮನ ಹೆಂಡತಿ ಮುಖ ಸಿಂಡರಿಸಿ ಪಕ್ಕಕ್ಕೆ ಸರಿದಳು. ಛೀ! ಎರಡು ದಿನದ ಕಾರು ಪ್ರಯಾಣದಲ್ಲಿ ಭಾವ ಇದೇ ಮಾತನ್ನು ಎಷ್ಟು ಸಲ ಕಾರಿಕೊಂಡಿದ್ದನೋ! ದಾರಿಯಲ್ಲಿ ಸೇನಾ ವಿಮಾನಗಳ ಸಂಗ್ರಹಾಲಯ ಸಿಕ್ಕಿದ್ದೇ ತಡ, ತಾನು ಹಾರಿಸಿದ ವಿಮಾನ ಇಲ್ಲಿದೆಯೆಂದು ಎಲ್ಲರನ್ನೂ ಎಳೆದು ತಂದಿದ್ದ.

ಇಪ್ಪತ್ತು ವರ್ಷದ ಹಿಂದೆ ತಮ್ಮ ಇದೇ ವಿಮಾನದ ಮೆಕ್ಯಾನಿಕ್. ಒಂದು ದಿನ ಅಣ್ಣ ಇಳಿಸುವಾಗ ಬ್ರೇಕ್ ಹಿಡಿಯದೆ ವಿಮಾನ ರನ್‌ವೇ ದಾಟಿ ನುಗ್ಗಿತು. ಕಾವಲುಗಾರನೊಬ್ಬ ಕಾಲು ಕಳೆದುಕೊಂಡ. ಹಾರುವ ಮುಂಚೆ ಮೆಕ್ಯಾನಿಕ್ ಬರೆದು ಪೈಲಟ್ ಸಹಿ ಹಾಕಬೇಕಾದ ತಪಾಸಣೆ ಪುಸ್ತಕ ವಿಚಾರಣೆಗೆ ಸಿಗಲೇ ಇಲ್ಲ. ತಪ್ಪೆಲ್ಲ ತಮ್ಮನ ತಲೆಗೆ ಬಂದು ಕೆಲಸ ಹೋಯಿತು, ಅಣ್ಣನಿಗೆ ಬಡ್ತಿ ಬಂತು. ಅಂದಿನಿಂದ ಪಂಪು ರಿಪೇರಿಯೇ ತಮ್ಮನ ಬದುಕು. ಮಗಳಂತೂ ಗೆಳತಿಯರ ಮುಂದೆ ದೊಡ್ಡಪ್ಪನ ಸುದ್ದಿ ಹೇಳುತ್ತಿದ್ದಳೇ ಹೊರತು ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ. ತಾಯಿಯ ಕರುಳಿಗೆ ಅದೇ ಆರದ ಗಾಯ.

“ಅಮ್ಮಾ, ಇಲ್ಲಿ ಬಾ... ಇದು ಅಪ್ಪನ ಅಕ್ಷರ ಅಲ್ವಾ?”

ಮಗಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಒಳಗೆ ಎಣ್ಣೆ ಕಲೆಯ ಪುಸ್ತಕ. ಪಕ್ಕದಲ್ಲಿ, ‘ವಿಮಾನ ಶುಚಿಗೊಳಿಸುವಾಗ ಆಸನದ ಕೆಳಗೆ ಸಿಕ್ಕಿದ್ದು’ ಎಂಬ ಚೀಟಿ. ತೆರೆದ ಪುಟದಲ್ಲಿ ಅಪ್ಪನ ಗುಂಡು ಬರಹ: ‘ಎಡಗಡೆಯ ಬ್ರೇಕ್ ಸೋರುತ್ತಿದೆ. ಹಾರಿಸಕೂಡದು.’ ಅದರ ಕೆಳಗೆ, ‘ಓದಿದ್ದೇನೆ. ನನ್ನ ಜವಾಬ್ದಾರಿಯ ಮೇಲೆ ಹಾರಿಸುತ್ತೇನೆ’ ಎಂದು ಬರೆದ ಭಾವನ ಸಹಿ!

“ಇದನ್ನ ಬಚ್ಚಿಟ್ಟಿದ್ದು ಯಾರ್ರೀ?” ಹೆಂಡತಿ ಗಂಡನ ತೋಳು ಹಿಡಿದು ಕೇಳಿದಳು.

“ನಾನೇ... ಅಣ್ಣ ಜೈಲಿಗೆ ಹೋಗ್ತಾನೆ ಅಂತ ಅಮ್ಮ ನನ್ನ ಕಾಲು ಹಿಡ್ಕೊಂಡ್ಬಿಟ್ಲು. ಆಮೇಲೆ ತೆಗೆದು ಸುಟ್ಟುಹಾಕೋಣ ಅಂದ್ಕೊಂಡೆ. ಅಷ್ಟರಲ್ಲಿ ವಿಮಾನಾನೇ ಸಾಗಿಸಿಬಿಟ್ಟಿದ್ರು.”

ಭಾವನ ಮುಖ ಬಿಳಿಚಿಕೊಂಡಿತು. ಆದರೂ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, “ಹಳೇದನ್ನೆಲ್ಲ ಯಾಕೆ ಕೆದಕ್ತೀರಾ? ನಡೀರಿ, ಊಟಕ್ಕೆ ಹೊತ್ತಾಯ್ತು,” ಎಂದ.

“ಥೂ! ಇಷ್ಟು ವರ್ಷ ನಿಮ್ಮ ಜೊತೆ ಕೂತು ಉಂಡ್ನಲ್ಲ ಭಾವಾ, ನನ್ನ ಬಾಯಿಗೇ ಹೇಸಿಗೆ ಆಗ್ತಿದೆ!” ಎಂದವಳು ಗಂಡನ ಕಡೆ ತಿರುಗಿದಳು. ಅವನನ್ನು ನೋಡಿಯೂ ಅವಳಿಗೆ ಅಸಹ್ಯವೇ ಆಯಿತು. “ನಿಮ್ಮ ತ್ಯಾಗಕ್ಕಿಷ್ಟು ಬೆಂಕಿ ಹಾಕ! ಕಾಲು ಕಳ್ಕೊಂಡ ಆ ಮನುಷ್ಯನಿಗೆ ಏನು ಹೇಳ್ತೀರಿ? ಹೋಗಿ, ಇಲ್ಲಿನ ಆಫೀಸಲ್ಲಿ ಇರೋದನ್ನೆಲ್ಲ ಬಾಯಿಬಿಟ್ಟು ಹೇಳಿ!”

ಅವನು ಅಣ್ಣನ ಮುಖ ನೋಡುತ್ತ ನಿಂತೇ ಇದ್ದ. ಮಗಳು ಹತ್ತಿರ ಬಂದಳು.

“ಅಪ್ಪಾ... ನಿಮ್ಮ ಮಗಳು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು ನನಗೆ. ಅದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣಮ್ಮಾ.”

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅವಳ ತಲೆ ನೇವರಿಸಿ ಕಚೇರಿಯ ಕಡೆಗೆ ನಡೆದ. ಹಿಂದಿನಿಂದ ಅಣ್ಣ ಎರಡು ಸಲ ಕೂಗಿದ. ತಮ್ಮ ತಿರುಗಿ ನೋಡಲಿಲ್ಲ.