ಗುಶೇಶೆಯ ಎಡ ಸೀಟು

ಸ್ಟೀರಿಂಗ್ ಮುಟ್ಟಿದ ಕೂಡಲೇ ಒನಲೆನ್ನಳಿಗೆ ಅಸಹ್ಯವಾಯಿತು. ಅದರ ತುಂಬ ಮಾವಿನ ಉಪ್ಪಿನಕಾಯಿಯ ಎಣ್ಣೆ. ಅವಳಿಗಿಂತ ಮುಂಚೆ ಕೂತಿದ್ದ ಮಹಾನುಭಾವ ಒಂದು ಕೈಯಲ್ಲಿ ಉಪ್ಪಿನಕಾಯಿ ತುಂಬಿದ ಬ್ರೆಡ್ಡು ತಿನ್ನುತ್ತ, ಇನ್ನೊಂದು ಕೈಯಲ್ಲಿ ರೇಸು ಓಡಿಸಿ ಎದ್ದು ಹೋಗಿದ್ದ.

ಮಾಬೊಪಾನೆ ಊರಿನ ಟ್ಯಾಕ್ಸಿ ಸ್ಟ್ಯಾಂಡಿನ ಹಿಂದೆ ಮೊದೀಸಾ ಎಂಬವನು ಮೂರು ಕುರ್ಚಿ, ಮೂರು ಸ್ಟೀರಿಂಗ್, ಮೂರು ಟಿವಿ ಇಟ್ಟುಕೊಂಡು ಕಾರ್ ರೇಸಿನ ಆಟದಂಗಡಿ ನಡೆಸುತ್ತಿದ್ದ. ಆ ಶನಿವಾರ ಅಲ್ಲೊಂದು ಪಂಚಾಯಿತಿ. ಕೆಂಪು ಡಬ್ಬಿಯ ಆಟ ನಿಜದ ಕಾರಿನ ಹಾಗಿದೆಯೋ, ನೀಲಿ ಡಬ್ಬಿಯದೋ? ಎರಡು ವಾರ ಗಂಟಲು ಹರಿದುಕೊಂಡ ಗಂಡಸರು ಕೊನೆಗೆ ತೀರ್ಪು ಹೇಳಲು ಒನಲೆನ್ನಳನ್ನು ಕರೆಸಿದ್ದರು. ವಾರವೆಲ್ಲ ಟೈರ್ ಅಂಗಡಿಯಲ್ಲಿ ದುಡಿದು, ಭಾನುವಾರ ಮೈದಾನದಲ್ಲಿ ಊರವರು ಗುಶೇಶೆ ಎಂದು ಕರೆಯುವ ತನ್ನ ಹಳೇ ಕಾರನ್ನು ಬುಗುರಿಯ ಹಾಗೆ ಗಿರಗಿರ ತಿರುಗಿಸುವ ಹೆಣ್ಣು ಅವಳು.

ಕೆಂಪು ಆಟ ಆಡಿದಳು. ಜೋಳದ ಗಂಜಿ ತಿರುವಿದ ಹಾಗಿದೆ ಎಂದಳು. ನೀಲಿ ಆಡಿದಳು. ಸ್ಟೀರಿಂಗ್ ಭಾರ ಮಾಡಿದ ಮಾತ್ರಕ್ಕೆ ನಿಜವಾಗುತ್ತದೆಯೇ, ಸತ್ತ ಕತ್ತೆಯನ್ನು ಎಳೆದ ಹಾಗಿದೆ ಎಂದಳು. ಗಂಡಸರ ಮುಖ ನೋಡಬೇಕಿತ್ತು, ಅವರ ಮನೆದೇವರನ್ನೇ ಬೈದಂತೆ.

ಮೊದೀಸಾ ಮಾತ್ರ ಸಿಟ್ಟಾಗಲಿಲ್ಲ. ಒದ್ದೆ ಬಟ್ಟೆ ತಂದು, ಅವಳ ಪಕ್ಕ ಮೊಣಕಾಲೂರಿ ಸ್ಟೀರಿಂಗಿನ ಒಂದೊಂದು ಗೀರನ್ನೂ ಒರೆಸತೊಡಗಿದ.

"ಹಾಗಾದ್ರೆ ನಿಜ ಎಲ್ಲಿ ಗೊತ್ತಾಗತ್ತಕ್ಕಾ? ಕೈಗಾ?"

"ಸೊಂಟಕ್ಕೆ. ಹಿಂದಿನ ಚಕ್ರ ಜಾರೋದು ಮೊದ್ಲು ಸೊಂಟಕ್ಕೆ ಗೊತ್ತಾಗತ್ತೆ ಕಣೋ. ಕೈಗೆ ಸುದ್ದಿ ಬರೋದು ಆಮೇಲೆ."

ಅವನ ಕಣ್ಣು ಒಂದು ಕ್ಷಣ ಅವಳ ಸೊಂಟಕ್ಕೆ ಇಳಿಯಿತು. ಸಿಕ್ಕಿಬಿದ್ದದ್ದು ತಿಳಿದು ಸೀದಾ ತಗಡಿನ ಸೂರಿಗೆ ಹಾರಿತು. ಕೈ ಮಾತ್ರ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿತ್ತು. ಅವಳಿಗೆ ಹೇಸಿಗೆಯಾಗಬೇಕಿತ್ತು, ಆಗಲಿಲ್ಲ. ಆಗಲಿಲ್ಲವಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಗಂಡಸರ ಬಗ್ಗೆ ಅವಳಲ್ಲಿ ಕಹಿ ತುಂಬಿದವನು ಪುಲೆ. ಕಾರು ತಿರುಗುವುದನ್ನು ನೋಡಲು ಮೈದಾನಕ್ಕೆ ಯಾರೂ ಬರುವುದಿಲ್ಲ. ತಿರುಗುವ ಕಾರಿನಿಂದ ಓಡಿಸುವವಳೇ ಹೊರಬಂದು ತೆರೆದ ಬಾಗಿಲಿನ ಹೊಸ್ತಿಲ ಮೇಲೆ ನಿಲ್ಲುತ್ತಾಳಲ್ಲ, ಅದಕ್ಕೆ ಬರುತ್ತಾರೆ. ಆಗ ಎಡ ಸೀಟಿನವನು ಕೈಚಾಚಿ ಸ್ಟೀರಿಂಗನ್ನು ತಿರುಗಿಸಿದಲ್ಲೇ ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಆಕ್ಸಿಲರೇಟರಿನ ತಂತಿ ಎಳೆದಿರಬೇಕು. ನಾಲ್ಕು ವರ್ಷ ಆ ಸೀಟಿನಲ್ಲಿ ಕೂತು, ಅವಳ ಮನೆಯಲ್ಲೇ ಉಂಡು ಮಲಗಿದ್ದ ಪುಲೆ, ಹೋದ ಚಳಿಗಾಲದಲ್ಲಿ ಅವಳು ಹೊರಗೆ ನಿಂತಿರುವಾಗ ಯಾವಳದೋ ಫೋನಿನ ಕ್ಯಾಮೆರಾಗೆ ಕೈ ಬೀಸಲು ಸ್ಟೀರಿಂಗ್ ಬಿಟ್ಟ. ಚಕ್ರ ನೆಟ್ಟಗಾಯಿತು. ಇವಳು ಹಾರಿ ಬಿದ್ದಳು, ಕತ್ತಿನ ಕೆಳಗಿನ ಮೂಳೆ ಮುರಿಯಿತು. ಅಂದಿನಿಂದ ಅವಳು ಕಾರಿನಿಂದ ಹೊರಬಂದದ್ದಿಲ್ಲ. ಈ ತಿಂಗಳೊಳಗೆ ಹೊರಬರದಿದ್ದರೆ ನಿನ್ನ ಸರದಿ ಬೇರೆಯವರಿಗೆ ಎಂದು ಮೈದಾನದವರು ಹೇಳಿಬಿಟ್ಟಿದ್ದರು. ಆದರೂ ಆ ಸ್ಟೀರಿಂಗಿನ ಮೇಲೆ ಇನ್ನೊಬ್ಬ ಗಂಡಸಿನ ಕೈ ನೆನೆದರೆ ಅವಳಿಗೆ ಓಕರಿಕೆ.

ಇದೆಲ್ಲ ಊರಿಗೇ ಗೊತ್ತಿದ್ದ ಸಂಗತಿ. ಮರುದಿನ ಮೊದೀಸಾ ಮೈದಾನಕ್ಕೆ ಬಂದು, ಒಂದೇ ಒಂದು ಸಲ ಎಡ ಸೀಟಿನಲ್ಲಿ ಕೂರಿಸಿಕೋ, ಸೊಂಟಕ್ಕೆ ಏನಾಗುತ್ತದೋ ನೋಡಬೇಕು ಎಂದು ಅಂಗಲಾಚಿದ. ಹತ್ತು ವರ್ಷ ಆಟದ ಕಾರು ಓಡಿಸಿದವನ ಹತ್ತಿರ ಲೈಸೆನ್ಸ್ ಕೂಡ ಇರಲಿಲ್ಲ. ಬಂದದ್ದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮೂಗು ಸುಡುವಷ್ಟು ಸೆಂಟು ಬಳಿದುಕೊಂಡು. ಮದುವೆಗೆ ಹೊರಟಿದೀಯಾ ಎಂದು ಒನಲೆನ್ನ ಕಿಟಕಿ ಇಳಿಸಿದಳು, ಆದರೂ ಹತ್ತಿಸಿಕೊಂಡಳು.

ಮೂರನೇ ಸುತ್ತಿಗೆ ಅವನ ಮುಖ ಬೂದಿಯಾಯಿತು. ಅವನು ಮಾಡಿದ ತಪ್ಪು ಟಿವಿ ಮುಂದೆ ಬೆಳೆದವರು ಮಾತ್ರ ಮಾಡುವಂಥದು: ಮುಂದಿನ ಗಾಜನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ. ಗಿರಗಿರ ಸುತ್ತುವ ಕಾರಿಗೆ ಮುಂದೆ ಏನಿದೆ, ಮಣ್ಣು. ದಾರಿ ಇರುವುದು ಪಕ್ಕದ ಕಿಟಕಿಯಲ್ಲಿ. ಪಕ್ಕಕ್ಕೆ ನೋಡು ಎಂದು ಅವಳು ಹೇಳುವಷ್ಟರಲ್ಲಿ ಬೆಳಗಿನ ಕರಿದ ಬೋಂಡ, ಕುರಿ ಈಲಿಯ ಪಲ್ಯ ಎಲ್ಲ ಗೇರಿನ ಮೇಲೆ, ರೇಡಿಯೊ ಮೇಲೆ, ಅವಳ ಮೊಣಕಾಲ ಮೇಲೆ.

ಸುಟ್ಟ ರಬ್ಬರು, ಸೆಂಟು, ವಾಂತಿ. ಅಂಥ ವಾಸನೆಯನ್ನು ಅವಳು ಹುಟ್ಟಿದಾಗಿನಿಂದ ಮೂಸಿರಲಿಲ್ಲ.

"ಇಳಿ," ಎಂದಳು.

ಅವನು ಇಳಿದ. ಆದರೆ ಹೋಗಲಿಲ್ಲ. ಬಕೆಟ್ಟು ತಂದು, ಹಲ್ಲುಜ್ಜುವ ಬ್ರಷ್ಷು ತಂದು, ಸಂಜೆಯ ತನಕ ಕಾರು ತೊಳೆದ. ಆಮೇಲೆ ಎರಡು ವಾರ ಮುಖ ತೋರಿಸಲಿಲ್ಲ. ಅವನಿಗೆ ತಲೆ ಕೆಟ್ಟಿದೆ, ಚೆನ್ನಾಗಿದ್ದ ಒಂದು ಕುರ್ಚಿಯನ್ನು ಹಾಳುಮಾಡಿಟ್ಟಿದ್ದಾನೆ ಎಂದು ಟೈರ್ ಹಾಕಿಸಲು ಬಂದ ಡ್ರೈವರುಗಳು ನಕ್ಕರು. ಅವರು ನಕ್ಕದ್ದು ಅವಳಿಗೆ ಯಾಕೋ ಹಿಡಿಸಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು, ಕೈಯ ಮಸಿಯನ್ನೂ ತೊಳೆಯದೆ ಹೋದಳು.

ಅಂಗಡಿಯ ಮೂಲೆಯಲ್ಲಿ ಮೊದೀಸಾ ಕೂತಿದ್ದ. ಸ್ಟೀರಿಂಗ್ ಅವನ ಮುಂದಿರಲಿಲ್ಲ. ಬಲಗಡೆ ದೂರಕ್ಕೆ ಒಂದು ಹಲಗೆಗೆ ಬಿಗಿದಿತ್ತು. ಟಿವಿಯೂ ಅತ್ತಲೇ. ಕುರ್ಚಿಯ ಕೆಳಗೆ ಟ್ಯಾಕ್ಸಿಯಿಂದ ಕಿತ್ತ ಎರಡು ಸ್ಪೀಕರು ಸೊಂಟಕ್ಕೆ ತಾಕುವ ಹಾಗೆ ಗುಂಯ್‌ಗುಟ್ಟುತ್ತಿದ್ದವು. ಒಂದು ಕೈಯಲ್ಲಿ ತಂತಿ, ಇನ್ನೊಂದು ಕೈ ಚಾಚಿ ಸ್ಟೀರಿಂಗ್ ಹಿಡಿದಿದ್ದ. ಕಾಲ ಬಳಿ ಬಕೆಟ್ಟು, ಅದು ಖಾಲಿಯೇನೂ ಇರಲಿಲ್ಲ.

ಓಡಿಸುವವನು ಯಾವನೂ ಹಾಗೆ ಕೂರುವುದಿಲ್ಲ. ಹಾಗೆ ಕೂರುವವನು ಎಡ ಸೀಟಿನವನು.

ಎರಡರಲ್ಲಿ ಯಾವ ದರಿದ್ರ ಆಟ ಇದು ಎಂದು ಒನಲೆನ್ನ ಗದರಿದಳು.

"ಕೆಂಪು," ಎಂದ, ಕೈ ಬಿಡದೆ. "ನೀಲಿಯಲ್ಲಿ ಕೈ ಬಿಟ್ರೂ ಸ್ಟೀರಿಂಗ್ ಅಲ್ಲೇ ನಿಲ್ಲತ್ತೆ. ಸುಳ್ಳು ಅದು. ಕೆಂಪಲ್ಲಿ ಬಿಟ್ಟ ತಕ್ಷಣ ನೆಟ್ಟಗಾಗತ್ತೆ. ಇಲ್ಲಿ ಯಾಮಾರಿದ್ರೆ ನೀನು ಬೀಳ್ತೀಯ."

ಮೊದಲ ಸಲ ಅಕ್ಕ ಎನ್ನಲಿಲ್ಲ.

"ಎಷ್ಟು ಹೊತ್ತು ಹಿಡೀತೀಯ?"

"ಹನ್ನೊಂದು ನಿಮಿಷ. ನೀನು ಹೊರಗಿರೋದು ಒಂದೇ ನಿಮಿಷ ತಾನೆ, ಒನಲೆನ್ನ."

ಅವಳು ಅವನ ಮುಂಗೈ ನೋಡಿದಳು. ನರ ಉಬ್ಬಿತ್ತು. ತನ್ನ ಮಸಿ ಕೈಯನ್ನು ಅದರ ಮೇಲಿಟ್ಟಳು. ಅವನು ಆಗಲೂ ಸ್ಟೀರಿಂಗ್ ಬಿಡಲಿಲ್ಲ. ಹೊಲಸು ನಾರುತ್ತಿದೀಯ, ಸ್ನಾನ ಮಾಡು, ಭಾನುವಾರ ಏನೂ ತಿನ್ನದೆ ಬಾ ಎಂದು ಹೇಳಿ ಹೊರಬಂದಳು. ಟೈರ್ ಅಂಗಡಿಯ ತನಕ ತನ್ನಷ್ಟಕ್ಕೆ ನಗುತ್ತ ನಡೆದಳು.

ಭಾನುವಾರ ಮೈದಾನದ ಹೊಗೆಯಲ್ಲಿ ಗುಶೇಶೆ ಸುತ್ತತೊಡಗಿತು. ಎಡ ಸೀಟಿನಿಂದ ಕೈ ಚಾಚಿ ಬಂತು, ಸ್ಟೀರಿಂಗ್ ಹಿಡಿಯಿತು. ಅವಳು ತನ್ನ ಒಂದು ಕೈ ಬಿಟ್ಟಳು. ಮತ್ತೊಂದನ್ನು ಬಿಡಲು ಇಡೀ ಎರಡು ಸುತ್ತು ಬೇಕಾಯಿತು. ಆಮೇಲೆ ಬಾಗಿಲು ತೆರೆದು, ಸೂರಿನ ಅಂಚು ಹಿಡಿದು, ಗಾಳಿಗೆ ಎದ್ದು ನಿಂತಳು. ಜನರ ಕೂಗು ಎಲ್ಲಿಂದಲೋ ಬರುತ್ತಿತ್ತು. ಕಾರು ಒಂದು ಗೆರೆಯೂ ಅಲುಗದೆ ಸುತ್ತುತ್ತಿತ್ತು.

ಒಂದು ನಿಮಿಷ ಮುಗಿಯಿತು. ಅವಳು ಬಗ್ಗಿ ಒಳಗೆ ನೋಡಿದಳು. ಬೆವರಿಳಿಯುವ ಮುಖ ಅವಳ ಕಡೆಗೇ ತಿರುಗಿತ್ತು.

"ಒಳಗೆ ಬಾ," ಎಂದ ಮೊದೀಸಾ. "ನೀನಿಲ್ಲದ ಸೀಟು ಪಕ್ಕದಲ್ಲಿ ಇಟ್ಕೊಂಡು ಕೂರಕ್ಕಾಗಲ್ಲ ನಂಗೆ. ಇವತ್ತು ಅಂತಲ್ಲ. ಯಾವತ್ತೂ."

ಅವಳು ಸ್ಟೀರಿಂಗ್ ಬಿಡದ ಆ ಕೈಯನ್ನು ನೋಡಿದಳು.

"ಇರು," ಎಂದಳು. "ಇನ್ನೊಂದು ಸುತ್ತು."