ಬಸವಾಪಟ್ಟಣ ತಿರುವಿನ ಕೆಂಪು ಚುಕ್ಕೆ

"ನಿನ್ನೆ ನಿಮ್ಮ ಬಸ್ಸು ಎರಡು ನಿಮಿಷ ಮುಂಚೆ ಹೋಗಿದೆ."

ಬಸವಾಪಟ್ಟಣ ಸ್ಟಾಪಿನಲ್ಲಿ ಬಸ್ಸು ಹತ್ತುತ್ತಲೇ ನುಜಹತ್ ಆಡಿದ ಮೊದಲ ಮಾತು ಇದು. ಒಂದು ಕೈಯಲ್ಲಿ ಸರ್ವೆ ಫಾರಂಗಳ ಕಟ್ಟು. ಇನ್ನೊಂದರಲ್ಲಿ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ.

"ಬಸ್ಸು ಟೈಮಿಗೇ ಹೋಗೈತ್ರೀ. ನೀವು ಎರಡು ನಿಮಿಷ ಲೇಟು," ಎಂದ ಕಂಡಕ್ಟರ್ ಮತೀನ್, ಟಿಕೆಟ್ ಹರಿಯುತ್ತಲೇ.

"ನಾನು ಜೀವನದಲ್ಲಿ ಲೇಟಾದವಳಲ್ಲ."

ಹೊನ್ನಾಳಿಯಿಂದ ಚನ್ನಗಿರಿಗೆ ಹೊರಟಿದ್ದ ಇಡೀ ಬಸ್ಸು ಇವರತ್ತ ತಿರುಗಿತು. ಇಬ್ಬರ ಮನೆಮಾತೂ ಉರ್ದು. ಆದರೆ ಸರ್ವೆ ಕನ್ನಡದಲ್ಲಿದ್ದುದರಿಂದ ಜಗಳವೂ ಕನ್ನಡದಲ್ಲೇ ನಡೆಯಿತು.

"ಈ ಡಬ್ಬಿ ಮೂರು ತಿಂಗಳು ನಿಮ್ಮ ಬಸ್ಸಿನಲ್ಲೇ ಇರುತ್ತೆ. ಮಾಲೀಕರು ಒಪ್ಪಿದ್ದಾರೆ. ಬಸ್ಸು ಎಲ್ಲಿ ನಿಲ್ಲುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ, ಎಲ್ಲಾ ಬರೆದುಕೊಳ್ಳುತ್ತೆ."

"ಮನಸಿನಾಗೆ ಇರೋದನ್ನೂ ಬರ್ಕಂತೈತಾ?"

"ಅಷ್ಟು ಬುದ್ಧಿ ಅದಕ್ಕಿಲ್ಲ. ಆಚೆ ಸರೀರಿ."

ಸರಿದ. ನಕ್ಕ. ಆ ನಗು ಫಾರಂನ ಯಾವ ಕಾಲಂಗೂ ಹೊಂದಲಿಲ್ಲ...

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ನಾಲ್ಕು ತಾಲ್ಲೂಕುಗಳಲ್ಲಿ ಜನ ನಿಜವಾಗಿ ಎಲ್ಲಿ ಬಸ್ಸಿಗೆ ನಿಲ್ಲುತ್ತಾರೆ ಎಂದು ಕಂಪ್ಯೂಟರಿನ ನಕ್ಷೆಯ ಮೇಲೆ ಗುರುತಿಸುವುದು ಅವಳ ಕೆಲಸ. ಜನ ನಿಲ್ಲುವುದು ಒಂದು ಕಡೆ, ತಂಗುದಾಣ ಕಟ್ಟುವುದು ಇನ್ನೊಂದು ಕಡೆ. ಈ ಹಳೇ ಜಗಳಕ್ಕೆ ನಕ್ಷೆ ತೀರ್ಪು ಕೊಡಬೇಕಿತ್ತು.

ಮೂರು ತಿಂಗಳಲ್ಲಿ ನುಜಹತ್‌ಗೆ ಒಮ್ಮೆಯೂ ಬಸ್ಸು ತಪ್ಪಲಿಲ್ಲ. "ನೋಡಿದ್ರಾ, ಟೈಮ್ ಅಂದರೆ ಹೀಗೆ," ಎಂದು ವಾರಕ್ಕೊಮ್ಮೆ ಹೇಳುವಳು. ಮತೀನ್ ತಲೆಯಾಡಿಸುವನು. ಕಿಟಕಿ ಪಕ್ಕದ ಮೂರನೇ ಸೀಟು ಅವಳಿಗೆಂದೇ ಹೇಗೋ ಖಾಲಿ ಇರುತ್ತಿತ್ತು. ಅವನು ಹತ್ತಿರ ಬಂದರೆ ಅವಳಿಗೆ ಚಿಲ್ಲರೆ ಎಣಿಸುವುದೇ ಮರೆಯುತ್ತಿತ್ತು. 'ಸೆಕೆಗೆ ಹೀಗಾಗುತ್ತೆ' ಎಂದು ಸಮಾಧಾನ ಮಾಡಿಕೊಂಡಳು.

ಕೊನೆಗೆ ಡಬ್ಬಿಯ ಲೆಕ್ಕವೆಲ್ಲ ನಕ್ಷೆಗೆ ಬಂತು. ಬಸ್ಸು ಹೆಚ್ಚು ಹೊತ್ತು ನಿಂತಷ್ಟೂ ಅಲ್ಲಿನ ಚುಕ್ಕೆ ಕೆಂಪು. ದಾರಿಯ ಬೇರೆ ಚುಕ್ಕೆಗಳಿಗೆಲ್ಲ ಕಾರಣ ಸಿಕ್ಕಿತ್ತು: ಕುರಿ ಹಿಂಡು, ಚಹಾ, ಡ್ರೈವರನ ಮಾವನ ಮನೆ. ಬಸವಾಪಟ್ಟಣ ಸ್ಟಾಪಿಗೆ ಸ್ವಲ್ಪ ಮೊದಲಿನ ತಿರುವಿನಲ್ಲಿದ್ದ ಒಂದು ಚುಕ್ಕೆಗೆ ಮಾತ್ರ ಕಾರಣವಿರಲಿಲ್ಲ. ಅಲ್ಲಿ ಸ್ಟಾಪಿಲ್ಲ. ಹತ್ತುವವರಿಲ್ಲ, ಇಳಿಯುವವರಿಲ್ಲ. ಆದರೂ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ನಾಲ್ಕು ನಿಮಿಷ.

ಚುಕ್ಕೆ ಬಿದ್ದಿದ್ದು ತಸ್ಲೀಮ್‌ಳ ಟೈಲರಿಂಗ್ ಅಂಗಡಿಯ ನೇರ ಎದುರಿಗೆ.

ತಸ್ಲೀಮ್... ನೋಡಲು ಚಂದ. ನಕ್ಕರೆ ಗಲ್ಲದಲ್ಲಿ ಕುಳಿ. ನುಜಹತ್ ತನ್ನ ಗಲ್ಲ ಮುಟ್ಟಿ ನೋಡಿಕೊಂಡಳು. ಕುಳಿ ಇರಲಿಲ್ಲ.

ಮರುದಿನದಿಂದ ಮೂರನೇ ಸೀಟು ಬಿಟ್ಟು ಹಿಂದೆ, ಈರುಳ್ಳಿ ಚೀಲದ ಪಕ್ಕ ಕುಳಿತಳು.

"ಮೇಡಂ, ಏನಾತ್ರೀ?"

"ಟಿಕೆಟ್ ಕೊಡಿ."

"ಹುಷಾರಿಲ್ವಾ?"

"ಟಿಕೆಟ್."

ಶನಿವಾರ ಚನ್ನಗಿರಿ ಆಫೀಸಿನಲ್ಲಿ ತಂಡದ ಮುಖ್ಯಸ್ಥೆ ಮಮತಾ ಮೇಡಂ ಆ ಚುಕ್ಕೆಯ ಮೇಲೆ ಪೆನ್ನಿಟ್ಟರು. "ಸೋಮವಾರ ವರದಿ ಹೋಗಬೇಕಮ್ಮ. ಕಾರಣ ಸಿಗದಿದ್ದರೆ 'ಸಿಬ್ಬಂದಿಯ ಅಶಿಸ್ತು' ಅಂತ ಬರೀತೀವಿ. ಬಸ್ಸಿನ ಮಾಲೀಕರಿಗೂ ಕಳಿಸ್ತೀವಿ."

ನುಜಹತ್‌ಗೆ ಗೊತ್ತಿತ್ತು: ಖಾಸಗಿ ಬಸ್ಸಿಗೆ ನಾಲ್ಕು ನಿಮಿಷವೆಂದರೆ ಹುಡುಗಾಟವಲ್ಲ. ಅಷ್ಟರಲ್ಲಿ ಹಿಂದಿನ ಬಸ್ಸು ಮುಂದೆ ನುಗ್ಗಿ ಜನರನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಮಾಲೀಕರಿಗೆ ತಿಳಿದರೆ ಮತೀನ್ ಅದೇ ಸಂಜೆ ಮನೆಗೆ.

'ಹೋಗಲಿ, ತಸ್ಲೀಮ್ ಸಾಕಿಕೊಳ್ಳಲಿ' ಎಂದುಕೊಂಡಳು. ಆದರೂ ಒಂದೊಂದೇ ದಿನದ ಲೆಕ್ಕ ತೆಗೆದು ನೋಡತೊಡಗಿದಳು.

ಶುಕ್ರವಾರ ತಸ್ಲೀಮ್‌ಳ ಅಂಗಡಿ ಮುಚ್ಚಿರುತ್ತದೆ. ಆದರೂ ಬಸ್ಸು ನಿಂತಿದೆ. ಭಾನುವಾರ ಅಂಗಡಿ ತೆರೆದಿರುತ್ತದೆ. ಬಸ್ಸು ನಿಂತೇ ಇಲ್ಲ. ಭಾನುವಾರ ರಜೆ ಇರುವುದು ಈ ಆಫೀಸಿಗೆ...

ಹೋದ ತಿಂಗಳ ಹನ್ನೆರಡನೇ ತಾರೀಖು ಮಾತ್ರ ಹನ್ನೊಂದು ನಿಮಿಷ ನಿಂತಿದೆ.

ಹನ್ನೆರಡಕ್ಕೆ ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು.

ನಕ್ಷೆಯ ಮೇಲೆ ಚುಕ್ಕೆಯಿಂದ ಒಂದು ಗೆರೆ ಎಳೆದಳು. ಗೆರೆ ಖಾಲಿ ಸೈಟು ದಾಟಿ, ಓಣಿಯ ಬಾಯಿ ದಾಟಿ, ನೇರ ಅವಳ ಮನೆಯ ಬಾಗಿಲಿಗೇ ಮುಟ್ಟಿತು.

ಅಂದರೆ ಅವಳು ಹೊರಬೀಳುವುದನ್ನು ಕಂಡ ಮೇಲೆಯೇ ಬಸ್ಸು ಸ್ಟಾಪಿಗೆ ಬರುತ್ತಿತ್ತು. ಮೂರು ತಿಂಗಳೂ ಅವಳು ದಿನಾ ನಾಲ್ಕು ನಿಮಿಷ ಲೇಟು!

ಸೋಮವಾರ ನುಜಹತ್ ಬೇಗ ಎದ್ದು ತಿರುವಿಗೇ ಹೋಗಿ ನಿಂತಳು. ಬಸ್ಸು ಬಂತು, ನಿಂತಿತು. ಮತೀನ್ ಫುಟ್‌ಬೋರ್ಡಿನಿಂದ ಕತ್ತು ಚಾಚಿ ಓಣಿಯನ್ನೇ ನೋಡುತ್ತಿದ್ದ. ಅವನ ಕಾಲ ಬುಡದಲ್ಲಿ ನಿಂತವಳು ಕಾಣಲಿಲ್ಲ.

"ಯಾರನ್ನ ಹುಡುಕ್ತಿದೀರಿ?"

ಮತೀನ್ ಬೀಳುವುದೊಂದು ಬಾಕಿ. ನುಜಹತ್ ಫಾರಂ ತೆಗೆದಳು. "ಇಲ್ಲಿ ಬಸ್ಸು ನಿಲ್ಲಲು ಕಾರಣ? ಒಂದು, ರಸ್ತೆ ದುರಸ್ತಿ. ಎರಡು, ದನಕರು. ಮೂರು, ಇತರೆ."

"...ಇತರೆ."

"ಇತರೆ ಅಂದರೆ ವಿವರಿಸಬೇಕು."

ಒಳಗಿನಿಂದ ಡ್ರೈವರ್ ಷಣ್ಮುಖಪ್ಪ ಕೂಗಿದ. "ಮತೀನಾ, ಆಯಮ್ಮ ಮನೆ ಬಿಟ್ಲಾ ಇಲ್ವಾ? ಹಿಂದಿನವನು ಹಾರನ್ ಹೊಡಿತಾ ಅವ್ನೆ."

ಮತೀನನ ಕಿವಿ ಕೆಂಪಾಯಿತು. "ಇನ್ನೂ ಏನು ವಿವರಿಸಾಕೆ ಐತ್ರೀ?"

"ಡಬ್ಬಿ ಎಲ್ಲಾ ಬರೆದುಕೊಳ್ಳುತ್ತೆ ಅಂತ ಮೊದಲ ದಿನವೇ ಹೇಳಿರಲಿಲ್ವಾ? ಕೆಲಸ ಹೋಗುತ್ತೆ ಅನ್ನೋ ಭಯ ಇಲ್ವಾ ನಿಮಗೆ?"

"ಇತ್ತು. ಆದ್ರೆ ಬಾಯಿಬಿಟ್ಟು ಹೇಳಾಕೆ ಅದಕ್ಕಿಂತ ಭಯ. ಡಬ್ಬಿನಾದ್ರೂ ಹೇಳ್ಲಿ ಅಂತ ಕಾದೆ." ತಲೆ ತಗ್ಗಿಸಿದ. "ಓದಿದೋರು, ಬೇಗ ಗೊತ್ತಾಗ್ತೈತೆ ಅಂದ್ಕಂಡಿದ್ದೆ... ಮೂರು ತಿಂಗಳು ಬೇಕಾತಲ್ರೀ ನಿಮಗೆ."

ನುಜಹತ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಫಾರಂ ಅನ್ನು ಬಸ್ಸಿನ ಮೈಗೆ ಒತ್ತಿ ಹಿಡಿದು ಬರೆದಳು: 'ಪ್ರಯಾಣಿಕರೊಬ್ಬರು ನಿತ್ಯ ತಡವಾಗಿ ಬರುತ್ತಿದ್ದರು. ತಪ್ಪು ಅವರದು, ಸಿಬ್ಬಂದಿಯದಲ್ಲ.' ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಮತೀನ್ ಓದಿದ. ಮತ್ತೊಮ್ಮೆ ಓದಿದ. ಹಿಂದಿನ ಬಸ್ಸು ಬೈಯುತ್ತ ಮುಂದೆ ಹೋಯಿತು.

"ಹಂಗಾದ್ರೆ ನಾಳೆಯಿಂದ ಇಲ್ಲಿ ಕಾಯೋದು ಬ್ಯಾಡವಾ?"

"ಬ್ಯಾಡ," ಎಂದಳು. ಸರ್ವೆಯ ಕನ್ನಡ ಅವಳ ಬಾಯಿಂದ ಯಾವಾಗಲೋ ಬಿದ್ದುಹೋಗಿತ್ತು. "ಶುಕ್ರವಾರ ನಿಮ್ಮ ಅಮ್ಮಿನ್ನ ಕರ್ಕಂಡು ನಮ್ಮನೆಗೆ ಬರ್ರಿ."

"ಅಮ್ಮಿಗೆ ಎಷ್ಟು ಗಂಟೆ ಅಂತ ಹೇಳ್ಲಿ?"

ನುಜಹತ್ ಮೆಟ್ಟಿಲು ಹತ್ತಿ ಅವನ ಪಕ್ಕ ನಿಂತಳು.

"ನಿಮಗೆ ಆದಾಗ ಬರ್ರಿ. ಕಾಯಾಕೆ ನನಗೂ ಬರ್ತೈತೆ."