ಯಾವ ಮಾತಿಗೆ ಯಾವ ಉತ್ತರ

"ಕಳಿಸಿಬಿಟ್ಟೆ," ಎಂದಳು ಯೊವಿತಾ. ಅವಳ ಕಿವಿಗಳು ಬಿಸಿಯಾಗಿದ್ದವು.

"ಏನು ಕಳಿಸಿದೆ?" ಅಣ್ಣ ಸೆವೆರಿನ್ ಮಂಚದ ಮೇಲೆ ಬಿದ್ದುಕೊಂಡು ಸೇಬು ತಿನ್ನುತ್ತಿದ್ದ.

"ಬ್ರಿಗಿದಾಗೆ ಸರಿಯಾಗಿ ಉತ್ತರ ಕೊಟ್ಟೆ. ಇಡೀ ಕ್ಲಾಸಿಗೇ ಗೊತ್ತಾಗ್ಲಿ."

ಬ್ರಿಗಿದಾ ಪಕ್ಕದ ಕಟ್ಟಡದ ಹುಡುಗಿ. ನರ್ಸರಿಯಿಂದಲೂ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟಿದ್ದು ಗೊತ್ತಿಲ್ಲ. ಹಾಗಾಗಿ ಸೆವೆರಿನ್‌ನ ಬಾಯಲ್ಲಿ ಸೇಬು ಹಾಗೇ ನಿಂತಿತು.

ಆದದ್ದು ಇಷ್ಟು. ಟೀಚರ್ ಇಡೀ ಕ್ಲಾಸಿಗೆ ಒಂದೇ ಇ-ಮೇಲ್ ವಿಳಾಸ ಮಾಡಿಕೊಟ್ಟಿದ್ದರು. ಅದಕ್ಕೆ ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತಿತ್ತು. 'ಕ್ರಿಸ್‌ಮಸ್‌ಗೆ ಏನೇನು ತಯಾರಿ ನಡೀತಿದೆ?' ಎಂದು ಅವರು ಕೇಳಿದ್ದೇ ತಡ, ಅಲ್ಲಿ ಸಂತೆಯೇ ನೆರೆಯಿತು.

ಆ ಸಂತೆಯಲ್ಲಿ ಯೊವಿತಾಳೂ ಒಂದು ಮಾತು ಕೇಳಿದ್ದಳು: 'ಹಬ್ಬದ ನಾಟಕದಲ್ಲಿ ದೇವದೂತೆಯ ಹಾಡು ನಾನು ಹಾಡಲಾ?' ಪಾಪ, ಅಷ್ಟು ಬರೆಯುವುದಕ್ಕೆ ಅವಳಿಗೆ ಎಷ್ಟು ಧೈರ್ಯ ಬೇಕಾಯಿತೋ ಅವಳಿಗೇ ಗೊತ್ತು.

ಅದರ ಹಿಂದೆಯೇ ಬ್ರಿಗಿದಾಳ ಮೇಲ್ ಬಂತು.

'ಇಡೀ ದಿನ ಬಾಯಿ ಬಿಟ್ಕೊಂಡೇ ಇರ್ತಾಳೆ, ಸ್ವರ ಮಾತ್ರ ಹೊರಡಲ್ಲ. ಗುಂಡಗೆ ಬೇರೆ ಇದ್ದಾಳೆ. ನೋಡಿದ್ರೆ ನಗು ತಡೆಯೋಕಾಗಲ್ಲ.'

ಯೊವಿತಾ ಅದನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ಟಪಟಪ ಟೈಪ್ ಮಾಡಿದಳು: 'ಸ್ಕೌಟ್ ಕ್ಯಾಂಪಲ್ಲಿ ನೀನು ಅಮ್ಮ ಬೇಕು ಅಂತ ದಿನಾ ರಾತ್ರಿ ಕದ್ದು ಅಳ್ತಿದ್ದೆಯಲ್ಲ, ಅದನ್ನ ನೆನೆಸಿಕೊಂಡ್ರೂ ನಗು ತಡೆಯೋಕಾಗಲ್ಲ.'

"ಅದು ನಿಮ್ಮಿಬ್ಬರ ಗುಟ್ಟಲ್ವೇನೇ?" ಎಂದ ಸೆವೆರಿನ್.

"ನನ್ನನ್ನ ಗುಂಡಮ್ಮ ಅನ್ನಬಹುದಾ ಮತ್ತೆ?"

"ತೋರಿಸಿಲ್ಲಿ." ಅವನು ಎದ್ದು ಬಂದು ಪರದೆ ನೋಡಿದ. "ಅಯ್ಯೋ ಪೆದ್ದಿ, ನೀನು ಟೈಮ್ ಪ್ರಕಾರ ಓದ್ತಿದ್ದೀಯ. ಇದು ನಿನ್ನ ಮೇಲ್ ಆದ್ಮೇಲೆ ಬಂತು, ಅಷ್ಟೇ. ನಿಂಗೇ ಬರೆದಿದ್ದು ಅಂತ ಯಾರು ಹೇಳಿದ್ರು?"

ಅವನು ಪರದೆಯ ಮೇಲ್ತುದಿಯಲ್ಲಿ ಎಲ್ಲೋ ಒಂದು ಕಡೆ ಒತ್ತಿದ. ಮೇಲ್‌ಗಳೆಲ್ಲ ಜಾಗ ಬದಲಿಸಿದವು. ಯಾರು ಯಾವ ಮಾತಿಗೆ ಉತ್ತರ ಕೊಟ್ಟಿದ್ದರೋ, ಆ ಮಾತಿನ ಕೆಳಗೇ, ಸ್ವಲ್ಪ ಒಳಗೆ ಸರಿದು, ಅವರ ಉತ್ತರ ಕೂತಿತು.

ಯೊವಿತಾಳ ಪ್ರಶ್ನೆಯ ಕೆಳಗೆ ಏನೂ ಇರಲಿಲ್ಲ. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿರಲಿಲ್ಲ.

ಬ್ರಿಗಿದಾಳ ಮೇಲ್ ಬೇರೆ ಕಡೆಗೆ ಹೋಗಿತ್ತು. ಅದರ ಮೇಲೆ ಕ್ಲಾಸಿನ ಬೋರಿಸ್ ಕೇಳಿದ್ದ: 'ಹೇಗಿದ್ದಾಳೆ ನಿಮ್ಮ ಎಮಿಲ್ಕಾ?' ಅದಕ್ಕೂ ಮೇಲೆ ಬ್ರಿಗಿದಾ ಬರೆದಿದ್ದಳು: 'ಅಪ್ಪ ಹಬ್ಬದ ಊಟಕ್ಕೆ ಕಾರ್ಪ್ ಮೀನು ತಂದ್ರು. ಬಾತ್‌ಟಬ್ಬಲ್ಲಿ ಬಿಟ್ಟಿದ್ದೀವಿ. ಎಮಿಲ್ಕಾ ಅಂತ ಹೆಸರಿಟ್ಟೆ.'

ಊರಲ್ಲಿ ಎಲ್ಲರ ಟಬ್ಬಿನಲ್ಲೂ ಹಬ್ಬದ ಮೀನು ಈಜಾಡುವ ವಾರ ಅದು. ಮೀನಿನ ಸುದ್ದಿಯ ಆ ಮೇಲ್‌ಗಳನ್ನು ಯೊವಿತಾ ತೆರೆದೂ ನೋಡಿರಲಿಲ್ಲ.

"ಮೀನಾ?" ಎಂದಳು ಅವಳು.

ಸೆವೆರಿನ್‌ಗೆ ನಗು ಬಂತು. ತಂಗಿಯ ಮುಖ ನೋಡಿ ನುಂಗಿಕೊಂಡ.

ಮೀನಿನ ಮಾತಿನ ಕೆಳಗೆ, ಇನ್ನೂ ಒಂದು ಹೆಜ್ಜೆ ಒಳಗೆ, ಯೊವಿತಾ ಈಗಷ್ಟೇ ಕಳಿಸಿದ ಮೇಲ್ ಕೂತಿತ್ತು. ಎಮಿಲ್ಕಾಳ ಬಗ್ಗೆ ಯಾರೋ ಖುಷಿಯಿಂದ ಹೇಳುತ್ತಿದ್ದಾಗ ಸುಮ್ಮಸುಮ್ಮನೆ ಬಂದು ಹೊಡೆದ ಹಾಗಿತ್ತು.

"ಅಳಿಸು, ಬೇಗ ಅಳಿಸು."

"ನಿನ್ನ ಹತ್ರ ಇರೋದನ್ನ ಅಳಿಸಬಹುದು ಪುಟ್ಟಿ. ಅವರಿಗೆಲ್ಲ ಹೋಗಿಬಿಟ್ಟಿದೆ."

ಯೊವಿತಾ ಕೋಟು ಹಾಕಿಕೊಂಡವಳೇ ಪಕ್ಕದ ಕಟ್ಟಡಕ್ಕೆ ಓಡಿದಳು.

ಬ್ರಿಗಿದಾಳ ಅಮ್ಮ ಬಾಗಿಲು ತೆಗೆದು, "ಬಚ್ಚಲುಮನೆಯಲ್ಲಿದ್ದಾಳಮ್ಮ. ಮಾತೇ ಆಡ್ತಿಲ್ಲ," ಎಂದರು.

ಬ್ರಿಗಿದಾ ಟಬ್ಬಿನ ಅಂಚಿನಲ್ಲಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ನೀರಿನಲ್ಲಿ ಎಮಿಲ್ಕಾ ಬಾಯಿ ತೆರೆದು ಮುಚ್ಚುತ್ತಿದ್ದಳು.

"ಅದನ್ನ ನಿಂಗೊಬ್ಬಳಿಗೇ ಹೇಳಿದ್ದೆ," ಎಂದಳು ಬ್ರಿಗಿದಾ, ತಿರುಗದೆ.

"ನೀನು ನನ್ನ ಬಗ್ಗೆ ಬರೆದಿದ್ದೀಯ ಅಂದ್ಕೊಂಡೆ ಕಣೇ. ಬಾಯಿ ಬಿಟ್ಕೊಂಡಿರೋದು, ಗುಂಡಗಿರೋದು..."

ಬ್ರಿಗಿದಾ ಈಗ ತಿರುಗಿದಳು. "ನಾನು ನಿನ್ನನ್ನ ಹಾಗಂತೀನಾ?"

ಗುಟ್ಟು ಹೊರಗೆ ಹೋದದ್ದಕ್ಕಿಂತ ತಾನು ಹಾಗಂದುಕೊಂಡದ್ದೇ ಗೆಳತಿಗೆ ಹೆಚ್ಚು ನೋವು ಕೊಟ್ಟಿದೆ ಎಂದು ಯೊವಿತಾಗೆ ಕಂಡಿತು.

"ಹಾಡು ನೀನೇ ಹಾಡ್ಬೇಕು ಅಂತ ಬರೆಯೋಕೆ ಕೂತಿದ್ದೆ," ಎಂದಳು ಬ್ರಿಗಿದಾ. "ಅಷ್ಟರಲ್ಲಿ ನಿನ್ನ ಮೇಲ್ ಬಂತು."

"ತಪ್ಪಾಯ್ತು."

ಬ್ರಿಗಿದಾ ನೀರಿಗೆ ಬೆರಳು ಅದ್ದಿದಳು.

"ಅಳಿಸೋಕೆ ಆಗಲ್ವಂತೆ," ಎಂದಳು ಯೊವಿತಾ.

"ಗೊತ್ತು. ನಾಳೆ ಕ್ಲಾಸಲ್ಲಿ ಎಲ್ಲರೂ ನನ್ನ ಮುಖಾನೇ ನೋಡ್ತಾರೆ."

"ನಾನು ಮೊದಲು ಒಳಗೆ ಹೋಗಿ, ತಪ್ಪು ನಂದೇ ಅಂತ ಹೇಳ್ತೀನಿ. ಅದೆಲ್ಲ ಮುಗಿದ ಮೇಲೆ ನೀನು ಬಾ."

ಬ್ರಿಗಿದಾ ಯೋಚಿಸಿದಳು. ಮೂಗು ಒರೆಸಿಕೊಂಡಳು. ಆಮೇಲೆ ಟಬ್ಬಿನ ಅಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು.

"ಬೇಡ," ಎಂದಳು. "ಇಬ್ಬರೂ ಒಟ್ಟಿಗೇ ಹೋಗೋಣ."